ಮೇಲಿನಿಂದ ನಾಲ್ಕನೇ ಖಾನೆ

ನಮ್ಮ ಶಿರಸಿ ಸೀಮೆಯಲ್ಲಿ ಮದುವೆ ಊಟ ಅದ್ಭುತವಾಗಿದ್ದರೆ ಉಂಡೆದ್ದವರು ಕೈತೊಳೆಯುತ್ತ "ಅಡ್ಡಿಲ್ಲೆ", ಅಂದರೆ ಪರವಾಗಿಲ್ಲ, ಎನ್ನುತ್ತಾರೆ. ಅಷ್ಟೇ. ಅಡುಗೆ ಭಟ್ಟರಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿಲ್ಲ. ಯಾರಾದರೂ ಬಾಯ್ತುಂಬ ಹೊಗಳಿದರೆ ಭಟ್ಟರು ಹುಳಿಯಲ್ಲಿ ಉಪ್ಪು ಹೆಚ್ಚಾಯಿತೋ ಏನೋ ಎಂದು ಒಳಗೆ ಹೋಗಿ ರುಚಿ ನೋಡುತ್ತಾರೆ. ಮಕ್ಕಳ ವಿಷಯದಲ್ಲಂತೂ ಇನ್ನೂ ಬಿಗಿ. ನಾನು ಏಳನೇ ಇಯತ್ತೆಯಲ್ಲಿ ಶಾಲೆಗೇ ಮೊದಲಿಗನಾಗಿ ಬಂದ ದಿನ ಅಮ್ಮ ಅಂಕಪಟ್ಟಿಯನ್ನು ತಿರುಗಿಸಿ ನೋಡಿ, "ಕೈಕಾಲು ತೊಳ್ಕಂಡು ಬಾ, ಆಸ್ರಿಗೆ ಕುಡಿ" ಎಂದು ಚಹಕ್ಕೆ ಕರೆದಿದ್ದಳು. ಅವಳು ಅಂದು ಎಷ್ಟು ಹಿಗ್ಗಿದ್ದಳೆಂದು ನನಗೆ ಗೊತ್ತಿತ್ತು. ಅದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ಹೇಳಲಾರೆ.

ಇದನ್ನು ಮೊದಲೇ ಏಕೆ ಹೇಳುತ್ತಿದ್ದೇನೆಂದರೆ, ನಾನು ಮಾಡಿದ ತಪ್ಪು ಬೇರೆ ಕಡೆಯವರಿಗೆ ಅರ್ಥವಾಗುವುದು ಕಷ್ಟ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಿರಸಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿದ್ದೇನೆ. ಯಾವ ವಿದ್ಯಾರ್ಥಿಗೂ ಶಾಭಾಷ್ ಎಂದವನಲ್ಲ. ಪ್ರಯೋಗದ ಪುಸ್ತಕದಲ್ಲಿ ಕೆಂಪು ಶಾಯಿ ಬೀಳದಿದ್ದರೆ ಅದೇ ದೊಡ್ಡ ಮರ್ಯಾದೆ. ತೋಟದ ಮನೆಗಳ ಮಕ್ಕಳು ಇದನ್ನು ತಿಳಿದೇ ಬರುತ್ತಿದ್ದರು. ಅವರ ಮನೆಯಲ್ಲೂ ಅದೇ ರೀತಿ. ಎಲ್ಲರ ಮನೆಯಲ್ಲೂ ಅದೇ ರೀತಿ ಇರುತ್ತದೆಂದು ನಾನು ನಂಬಿದ್ದು ನನ್ನ ದಡ್ಡತನ.

ನನ್ನ ಆ ವಿದ್ಯಾರ್ಥಿನಿ ಬಂದದ್ದು ಬನವಾಸಿ ಕಡೆಯಿಂದ. ಅಪ್ಪನದು ಕಿರಾಣಿ ಅಂಗಡಿ. ಅದೂ ನಮ್ಮ ತಾಲೂಕೇ ಆದರೂ ಅಲ್ಲಿಯ ಗಾಳಿ ಬೇರೆ, ಮಾತು ಬೇರೆ. ಅಲ್ಲಿಯವರು ಮನಸ್ಸಿನಲ್ಲಿದ್ದುದನ್ನು ನಾಲಿಗೆಗೆ ತರುತ್ತಾರೆ. ಚೆನ್ನಾಗಿದ್ದರೆ ಭಾಳ ಚಲೋ ಅದ ಎಂದು ಎದುರಿಗೇ ಹೇಳುತ್ತಾರೆ, ಕೆಟ್ಟಿದ್ದರೆ ಅದನ್ನೂ ಹೇಳುತ್ತಾರೆ. ಬಿ.ಎಸ್ಸಿ. ಮೊದಲ ವರ್ಷದಲ್ಲಿ ಒಂದು ದಿನ ಈ ಹುಡುಗಿ ತರಗತಿ ಮುಗಿದ ಮೇಲೆ ಹಳೆಯ ಪೇಪರಿನ ಹನ್ನೊಂದು ಪೊಟ್ಟಣಗಳನ್ನು ತಂದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಸರ್, ನಮ್ಮ ಅಂಗಡ್ಯಾಗ ಮಸಾಲಿಗೆ ಕಲ್ಲುಹೂ ಮಾರ್ತಾರ್ರಿ. ಒಂದ ಚೀಲದಾಗ ಹನ್ನೊಂದ್ ನಮೂನಿ ಅದಾವು. ಇವು ಗಿಡ ಏನ್ರಿ?"

ಕಲ್ಲುಹೂ ಹೂವೂ ಅಲ್ಲ, ಗಿಡವೂ ಅಲ್ಲ. ಶಿಲೀಂಧ್ರ ಮತ್ತು ಪಾಚಿ ಎರಡೂ ಒಂದೇ ಮನೆಯಲ್ಲಿ ಸಂಸಾರ ಹೂಡಿದ ಜೀವ ಅದು. ಬಂಡೆಯ ಮೇಲೆ, ಮರದ ತೊಗಟೆಯ ಮೇಲೆ ಬೂದುಬಣ್ಣದ ಹಕ್ಕಳೆಯಂತೆ ಅಂಟಿಕೊಂಡಿರುತ್ತದೆ. ಇಷ್ಟು ಹೇಳಿ ಪೊಟ್ಟಣಗಳನ್ನು ಬಿಚ್ಚಿ ನೋಡಿದೆ. ಮೂರನ್ನು ಗುರುತಿಸಲು ಬಂತು. ಉಳಿದ ಎಂಟು ನನಗೂ ಗೊತ್ತಿರಲಿಲ್ಲ. ಆ ವಯಸ್ಸಿನಲ್ಲಿ ನಾನಾಗಿದ್ದರೆ ಅವೆಲ್ಲ ಒಂದೇ ಎಂದು ಸಾರಿಗೆ ಹಾಕುತ್ತಿದ್ದೆ. "ನೋಡು, ಪುಸ್ತಕ ಕೊಡುತ್ತೇನೆ" ಎಂದೆ. ಹೊಗಳಲಿಲ್ಲ. ಒಳಗೊಳಗೇ ಎಷ್ಟು ಖುಷಿಯಾಗಿತ್ತೆಂದರೆ ಆ ದಿನ ಮನೆಗೆ ಹೋಗುವಾಗ ಕೊಡೆ ಕಾಲೇಜಿನಲ್ಲೇ ಮರೆತೆ.

ಮುಂದಿನ ಎರಡು ವರ್ಷ ಅವಳು ಮಾಡಿದ ಕೆಲಸವನ್ನು ಇಂದಿಗೂ ಯಾರಿಗಾದರೂ ಹೇಳುವಾಗ ನನ್ನ ದನಿ ಏರುತ್ತದೆ. ತಂತಿಯ ತುಂಡೊಂದನ್ನು ಚೌಕಾಕಾರಕ್ಕೆ ಬಗ್ಗಿಸಿ ಅದನ್ನು ಮರದ ಕಾಂಡಕ್ಕೆ ಒತ್ತಿ ಹಿಡಿದು, ಅದರೊಳಗೆ ಎಷ್ಟು ಬಗೆಯ ಕಲ್ಲುಹೂ ಇದೆ ಎಂದು ಎಣಿಸುವುದು. ಶಿರಸಿಯ ಬಸ್ ನಿಲ್ದಾಣದ ಹತ್ತಿರದ ಮರಗಳು, ಸಿದ್ದಾಪುರದ ಆಚೆಯ ಕಾಡಿನ ಮರಗಳು, ಯಲ್ಲಾಪುರದ ಮಾಗೋಡಿನಲ್ಲಿ ಜಲಪಾತಕ್ಕೆ ಹೋಗುವ ದಾರಿಯ ಮರಗಳು: ಮೂರೂ ಕಡೆ, ಪ್ರತಿ ತಿಂಗಳು, ಭಾನುವಾರದ ಮೊದಲ ಬಸ್ಸಿಗೆ. ನಿಲ್ದಾಣದ ಮರಗಳಲ್ಲಿ ರಸ್ತೆಗೆ ಮುಖ ಮಾಡಿದ ಕಡೆ ಏನೂ ಇಲ್ಲ, ಬೆನ್ನಿನ ಕಡೆ ಮಾತ್ರ ಒಂದೇ ಒಂದು ಬಗೆ ಉಳಿದಿದೆ ಎಂದು ತೋರಿಸಿದಳು. ಬಸ್ಸುಗಳ ಹೊಗೆಯನ್ನು ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಅವಳಿಗೆ ಅದು ಬೇಕಾಗಲೂ ಇಲ್ಲ.

ಕೊನೆಯ ವರ್ಷದಲ್ಲಿ ಇನ್ನೊಂದು ನಡೆಯಿತು. ಪ್ರಯೋಗಾಲಯದ ಗಾಜಿನ ಕಪಾಟಿನಲ್ಲಿ ನಾನು ನೌಕರಿಗೆ ಸೇರಿದ ಹೊಸದರಲ್ಲಿ ಸಂಗ್ರಹಿಸಿಟ್ಟ ಕಲ್ಲುಹೂವಿನ ಒಂದು ಮಾದರಿ ಇತ್ತು. ಎಲ್ಲ ಹುಡುಗರೂ ಪ್ರಯೋಗಾಲಯ ಬಿಟ್ಟು ಹೋಗುವವರೆಗೆ ಕಾದು ನಿಂತು ಅವಳು, "ಸರ್, ತಪ್ಪು ತಿಳ್ಕೋಬ್ಯಾಡ್ರಿ, ಇದರ ಹೆಸರು ಬ್ಯಾರೆ ಅದ ಅನಸ್ತದ" ಎಂದಳು. ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಅವಳದೇ ಸರಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಮಕ್ಕಳಿಗೆ ತಪ್ಪು ಹೆಸರು ಹೇಳಿಕೊಟ್ಟಿದ್ದೆ. ಚೀಟಿ ಕಿತ್ತು ಹೊಸ ಚೀಟಿ ಬರೆದು ಅಂಟಿಸಿ, "ಹ್ಞೂಂ, ಆಯ್ತು, ಹೋಗು" ಎಂದೆ. ಅಂಥ ವಿದ್ಯಾರ್ಥಿ ನನಗೆ ಮತ್ತೆ ಸಿಗಲಿಲ್ಲ ಎಂದು ಇಲ್ಲಿ ಬರೆಯುವುದು ಸುಲಭ. ಅಂದು ಬಾಯಿಗೆ ಬಂದದ್ದು ಇಷ್ಟೇ.

ಅದೇ ವರ್ಷ ದೂರದ ಒಂದು ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯದ ಜಾಹೀರಾತು ಬಂತು. ದೇಶ ಜಗತ್ತಿನ ಸ್ಪರ್ಧೆಯಲ್ಲಿ ಮುಂದೆ ನಿಲ್ಲಬೇಕು, ಅದಕ್ಕಾಗಿ ಮೂಲೆಮೂಲೆಯ ಪ್ರತಿಭೆಗಳನ್ನು ಸೆಳೆಯುತ್ತೇವೆ, ಪದವಿ ಮುಗಿದ ಕೂಡಲೇ ಪಿಎಚ್.ಡಿ.ಗೆ ಸೇರಿಸಿಕೊಳ್ಳುತ್ತೇವೆ, ಊಟ ವಸತಿಯ ಜೊತೆ ವಿದ್ಯಾರ್ಥಿವೇತನ. ಲಿಖಿತ ಪರೀಕ್ಷೆ, ಆಮೇಲೆ ಕಲಿಸಿದವರ ಶಿಫಾರಸು ಪತ್ರ, ಆಮೇಲೆ ಸಂದರ್ಶನ. ಕಲ್ಲುಹೂವಿನ ಮೇಲೆ ಕೆಲಸ ಮಾಡುವ ಪ್ರಯೋಗಾಲಯ ಅಲ್ಲಿತ್ತು. ನಮ್ಮ ಕಡೆ ಎಲ್ಲೂ ಇರಲಿಲ್ಲ. ಅಲ್ಲಿಗೆ ಹೋದರೆ ಅವಳ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ನಿಂತುಹೋಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಪರೀಕ್ಷೆಯಲ್ಲಿ ಪಾಸಾದಳು. ನನ್ನ ಮಿಂಚಂಚೆಗೆ ಆ ಪತ್ರದ ನಮೂನೆ ಬಂತು. ಮೊದಲ ಪ್ರಶ್ನೆ: ನೀವು ಕಂಡ ವಿದ್ಯಾರ್ಥಿಗಳಲ್ಲಿ ಈಕೆಯ ಸ್ಥಾನ ಯಾವುದು? ಕೆಳಗೆ ಐದು ಖಾನೆ. ನೂರಕ್ಕೆ ಒಬ್ಬಳು, ನೂರರಲ್ಲಿ ಮೇಲಿನ ಐವರೊಳಗೆ, ಮೇಲಿನ ಹತ್ತರೊಳಗೆ, ಇಪ್ಪತ್ತೈದರೊಳಗೆ, ಅದಕ್ಕೂ ಕೆಳಗೆ. ಎರಡು ಮಧ್ಯಾಹ್ನ ಶಿಕ್ಷಕರ ಕೋಣೆಯಲ್ಲಿ ಕುಳಿತು ಯೋಚಿಸಿದೆ. ನಾನು ಕಂಡವರು ಎಂದರೆ ಎಷ್ಟು ಜನ? ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಕ್ಕಳು. ದಿಲ್ಲಿಯ ಮಕ್ಕಳನ್ನು ಕಂಡಿದ್ದೇನೆಯೇ? ಕಲಕತ್ತೆಯವರನ್ನು? ಇಷ್ಟು ದೊಡ್ಡ ದೇಶದಲ್ಲಿ ಎಂಥೆಂಥ ಮಕ್ಕಳಿರುತ್ತಾರೋ. ಒಂದು ಕಾಲೇಜಿನ ಗೋಡೆಯೊಳಗೆ ಕುಳಿತು ಇವಳೇ ಮೊದಲು ಎಂದು ಬರೆಯಲು ನಾನ್ಯಾರು? ಬರೆದರೆ ನನ್ನದೇ ಹುಡುಗಿ ಎಂದು ಬಡಾಯಿ ಕೊಚ್ಚಿದಂತೆ ಕಾಣುವುದಿಲ್ಲವೇ? ಅವಳ ಹೆಸರಿಗೇ ಕುಂದಲ್ಲವೇ?

ಹೀಗೆಲ್ಲ ತೂಗಿ, ನಾಲ್ಕನೇ ಖಾನೆಗೆ ಗುರುತು ಹಾಕಿದೆ. ಕೆಳಗೆ ಮೂರು ಸಾಲು ಬರೆದೆ. "ಶ್ರದ್ಧೆಯುಳ್ಳವಳು. ಇವಳ ಕೆಲಸದಲ್ಲಿ ನಾನು ತಪ್ಪು ಕಂಡಿಲ್ಲ. ಅವಕಾಶ ಕೊಟ್ಟರೆ ನಿರಾಶೆಗೊಳಿಸಲಾರಳು." ಇಂಗ್ಲಿಷಿನಲ್ಲಿ ಬರೆದೆ, ನಾಲ್ಕು ಸಲ ಓದಿಕೊಂಡೆ. ಒಂದು ಸುಳ್ಳು ಅಕ್ಷರವೂ ಇಲ್ಲ ಎಂಬ ಹೆಮ್ಮೆಯಿಂದ ಕಳಿಸಿದೆ. ಅಲ್ಲಿಯವರೆಗೆ ನಾನು ಬೇರೆ ಯಾರ ಬಗ್ಗೆಯೂ "ತಪ್ಪು ಕಂಡಿಲ್ಲ" ಎಂದು ಬರೆದವನಲ್ಲ.

ಮನೆಯಲ್ಲಿ ಹೆಂಡತಿ ಕೇಳಿದಳು, "ಆ ಕೂಸಿನ ಬಗ್ಗೆ ಎಂತ ಬರದ್ರಿ?"

ಹೇಳಿದೆ.

"ಅಷ್ಟು ಸಾಕು. ಜಾಸ್ತಿ ಹೊಗಳಿರೆ ದೃಷ್ಟಿ ಆಗ್ತು" ಎಂದಳು. ಇಬ್ಬರೂ ನೆಮ್ಮದಿಯಿಂದ ಊಟ ಮಾಡಿದೆವು.

ಸಂದರ್ಶನಕ್ಕೆ ಕರೆ ಬರಲಿಲ್ಲ. ಕಾರಣವನ್ನೂ ತಿಳಿಸಲಿಲ್ಲ. ಮರುವರ್ಷ ಮತ್ತೆ ಅರ್ಜಿ ಹಾಕಿದಳು, ಮತ್ತೆ ಪಾಸಾದಳು, ಮತ್ತೆ ನಮೂನೆ ಬಂತು. ನಾನು ಹಳೆಯ ಪತ್ರವನ್ನೇ ತೆರೆದು, ತಾರೀಕು ಬದಲಿಸಿ ಕಳಿಸಿದೆ. ಅದರಲ್ಲಿ ತಿದ್ದುವಂಥದ್ದು ನನಗೇನೂ ಕಾಣಲಿಲ್ಲ. ಆ ವರ್ಷವೂ ಕರೆಯಿಲ್ಲ. ಸಮಾಧಾನ ಹೇಳೋಣವೆಂದು ಅವರ ಊರಿಗೆ ಹೋದೆ. ಅವಳ ಅಪ್ಪ ಅಂಗಡಿಯ ಗಲ್ಲೆಯಿಂದ ಎದ್ದು ಬಂದು, "ಬರ್ರಿ ಸರ್, ಕುಂದರ್ರಿ" ಎಂದು ಬೆಂಚು ಒರೆಸಿದರು. "ನಮ್ಮ ಹುಡುಗಿಗೆ ಅಷ್ಟ ಇತ್ತು ಕಾಣಸ್ತದ್ರಿ. ನೀವಂತೂ ನಿಮ್ಮ ಕೈಲಾದದ್ದು ಮಾಡೀರಿ" ಎಂದರು. ನಾನು ತಲೆಯಾಡಿಸಿದೆ. ಹೌದು, ನನ್ನ ಕೈಲಾದದ್ದನ್ನು ಮಾಡಿದ್ದೇನೆಂದೇ ನಾನೂ ತಿಳಿದಿದ್ದೆ. ಅವಳು ಒಳಗಿನಿಂದ ಚಹ ತಂದುಕೊಟ್ಟು ಬಾಗಿಲ ಹತ್ತಿರ ನಿಂತಳು.

ಆಮೇಲೆ ಅವಳು ಬಿ.ಎಡ್. ಮಾಡಿದಳು. ಯಲ್ಲಾಪುರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಅಲ್ಲಿಯವರನ್ನೇ ಮದುವೆಯಾದಳು. ಕಲ್ಲುಹೂವಿನ ಮಾತು ನಿಂತಿತು. ನಾನು ಬೇರೆ ಮಕ್ಕಳಿಗೂ ಪತ್ರ ಬರೆಯುತ್ತ ಹೋದೆ, ಅದೇ ಮೂರು ಸಾಲಿನ ಧಾಟಿಯಲ್ಲಿ. ಯಾರೂ ಎಲ್ಲಿಗೂ ಆಯ್ಕೆಯಾಗಲಿಲ್ಲ. ದೇಶದಲ್ಲಿ ನಿಜಕ್ಕೂ ಎಂಥೆಂಥ ಮಕ್ಕಳಿದ್ದಾರಪ್ಪ ಎಂದು ಬೆರಗಾಗುತ್ತಿದ್ದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸುತ್ತದೆ.

ಕಳೆದ ವರ್ಷ, ನಿವೃತ್ತಿಗೆ ಕೆಲವೇ ತಿಂಗಳಿರುವಾಗ, ಬಯಲುಸೀಮೆಯ ಒಂದು ವಿಶ್ವವಿದ್ಯಾಲಯದಿಂದ ಪತ್ರ ಬಂತು. ಪ್ರತಿಭಾವಂತರನ್ನು ಆರಿಸಿ ಸಂಶೋಧನೆಗೆ ಸೆಳೆಯುವ ಹೊಸ ಯೋಜನೆಯಂತೆ. ಅದರ ಆಯ್ಕೆ ಸಮಿತಿಯಲ್ಲಿ ಸಣ್ಣ ಊರಿನ ಕಾಲೇಜುಗಳ ಪರವಾಗಿ ಒಬ್ಬರು ಇರಬೇಕು ಎಂಬ ನಿಯಮ. ಬೇರೆ ಯಾರೂ ಒಪ್ಪದ್ದರಿಂದ ನನ್ನ ಹೆಸರು ಹೋಗಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಉದ್ದನೆಯ ಮೇಜು, ಮೇಲೆ ಅರ್ಜಿಗಳ ರಾಶಿ. ನಾನು ಮೊದಲ ಪತ್ರ ಓದಿದೆ. "ನನ್ನ ವೃತ್ತಿಜೀವನದಲ್ಲಿ ಇಂಥ ಮೇಧಾವಿಯನ್ನು ಕಂಡಿಲ್ಲ." ಮೊದಲ ಖಾನೆಗೆ ಗುರುತು. ಸಂತೋಷಪಟ್ಟೆ. ಎರಡನೆಯದು ತೆರೆದೆ: ಈತ ಮುಂದೆ ಜಗತ್ತಿಗೇ ಹೆಸರಾಗುವವನು. ಮೊದಲ ಖಾನೆ. ಮೂರನೆಯದು, ಹತ್ತನೆಯದು, ಇಪ್ಪತ್ತನೆಯದು, ಎಲ್ಲವೂ ಮೊದಲ ಖಾನೆ. ಒಬ್ಬನೇ ಅಧ್ಯಾಪಕ ಆರು ಜನರ ಬಗ್ಗೆ ಬರೆದ ಪತ್ರಗಳಿದ್ದವು. ಆರು ಮಂದಿಯೂ ಆತ ಕಂಡ ಏಕೈಕ ಮೇಧಾವಿಗಳು. ನನಗೆ ನಗು ಬಂತು. ಪಕ್ಕದಲ್ಲಿ ಕುಳಿತಿದ್ದ ತರುಣ ಪ್ರಾಧ್ಯಾಪಕಿ ಪತ್ರಗಳನ್ನು ಎರಡು ಕಟ್ಟು ಮಾಡುತ್ತಿದ್ದರು. ಚಿಕ್ಕ ಕಟ್ಟನ್ನು ನೆಲಕ್ಕೆ, ಕಾಲ ಬಳಿ ಇಟ್ಟಿದ್ದರು. ಬಗ್ಗಿ ಅದರಿಂದ ಒಂದನ್ನು ಎತ್ತಿಕೊಂಡೆ.

"ಅದನ್ನ ಓದೋದು ಬೇಡ ಸರ್. ನಾಲ್ಕನೇ ಖಾನೆಗೆ ಟಿಕ್ ಬಿದ್ದಿದೆ ನೋಡಿ" ಎಂದರು ಆಕೆ, ಬಹಳ ಸೌಜನ್ಯದಿಂದ.

"ಬಿದ್ದರೇನು?"

"ಕಲಿಸಿದವರಿಗೇ ಮನಸ್ಸಿಲ್ಲ ಅಂತ. ಬೇಡ ಅಂತ ನೇರವಾಗಿ ಬರೆಯೋಕೆ ಸಂಕೋಚ ಆದಾಗ ಹಾಗೆ ಹಾಕ್ತಾರೆ."

"ನಿಜವಾಗಿ ಹಾಗೇ ಅನ್ನಿಸಿ, ಪ್ರಾಮಾಣಿಕವಾಗಿ ಬರೆದಿದ್ದರೆ?"

ಆಕೆ ನನ್ನ ಮುಖವನ್ನೇ ನೋಡಿದರು. "ಒಳ್ಳೇ ವಿದ್ಯಾರ್ಥಿಗೆ ಯಾರು ಸರ್ ಹಾಗೆ ಬರೀತಾರೆ?"

ಕೈಯಲ್ಲಿದ್ದ ಪತ್ರದಲ್ಲಿ ಯಾವುದೋ ಸಣ್ಣ ಊರಿನ ಮೇಷ್ಟ್ರು ಎರಡು ಸಾಲು ಬರೆದಿದ್ದರು: "ಈತನಿಗೆ ಕೆಲಸ ಗೊತ್ತು. ನಂಬಬಹುದು." ಅವರನ್ನು ನಾನು ಕಂಡಿಲ್ಲ, ಆದರೆ ಅವರು ಎಷ್ಟು ಹೊತ್ತು ಪೆನ್ನು ಹಿಡಿದು ಕುಳಿತಿದ್ದರು ಎಂಬುದು ನನಗೆ ಗೊತ್ತು. "ಈ ಹುಡುಗನನ್ನು ಸಂದರ್ಶನಕ್ಕೆ ಕರೆಯಲೇಬೇಕು" ಎಂದೆ. ದನಿ ಸ್ವಲ್ಪ ಜೋರಾಯಿತು. ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಕಡೆಯವನಾ?" ಎಂದು ಕೇಳಿದರು. ಅಲ್ಲ ಎಂದೆ. ಯಾರೂ ನಂಬಲಿಲ್ಲ. ಆ ಪತ್ರ ಮತ್ತೆ ನೆಲಕ್ಕೆ ಹೋಯಿತು. ಚಹದ ಹೊತ್ತಿನಲ್ಲಿ ಅದೇ ಅಧ್ಯಕ್ಷರು, ಒಳನಾಡಿನಿಂದ ಪ್ರತಿಭೆಗಳೇ ಬರುತ್ತಿಲ್ಲ, ಹೀಗಾದರೆ ದೇಶ ಮುಂದೆ ಬರುವುದು ಹೇಗೆ ಎಂದು ಬೇಸರಪಟ್ಟರು. ಅವರ ಬೇಸರ ನಾಟಕವಲ್ಲ. ಅವರು ಕೆಟ್ಟವರೂ ಅಲ್ಲ. ಅದೇ ನನ್ನನ್ನು ಹೆಚ್ಚು ಕಂಗೆಡಿಸಿತು. ಯಾರನ್ನಾದರೂ ಬೈಯೋಣವೆಂದರೆ ಅಲ್ಲಿ ಬೈಯಬೇಕಾದವನು ನಾನೊಬ್ಬನೇ ಇದ್ದೆ.

ಎರಡನೆಯ ದಿನದ ಸಭೆಗೆ ನಾನು ಉಳಿಯಲಿಲ್ಲ. ಬೆಳಿಗ್ಗೆ ಶಿರಸಿಗೆ ಹೊರಟ ಬಸ್ಸು ಯಲ್ಲಾಪುರದಲ್ಲಿ ನಿಂತಾಗ ಇಳಿದುಬಿಟ್ಟೆ. ಅವಳ ಶಾಲೆ ನಿಲ್ದಾಣದಿಂದ ದೂರವಿಲ್ಲ. ಮಧ್ಯಾಹ್ನದ ಬಿಡುವು. ಮಕ್ಕಳೆಲ್ಲ ನಲ್ಲಿಯ ಹತ್ತಿರ ಬುತ್ತಿಯ ಡಬ್ಬಿ ತೊಳೆಯುತ್ತಿದ್ದರು. ನನ್ನನ್ನು ಕಂಡು ಅವಳು ಜಗಲಿಯಿಂದ ಓಡಿ ಬಂದಳು. ತುಸು ದಪ್ಪಗಾಗಿದ್ದಳು, ಕೈಗೆ ಸೀಮೆಸುಣ್ಣದ ಪುಡಿ ಹತ್ತಿತ್ತು.

"ಅಯ್ಯ, ಸರ್! ಊಟ ಆತೇನ್ರಿ? ಬರ್ರಿ, ರೊಟ್ಟಿ ಅದಾವು."

ಊಟ ಬೇಡ, ಸ್ವಲ್ಪ ಮಾತಾಡುವುದಿದೆ ಎಂದೆ. ಜಗಲಿಯ ತುದಿಯಲ್ಲಿ ಎರಡು ಕುರ್ಚಿ ಹಾಕಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳು ಅಲ್ಲಿ ಕೈಕೊಟ್ಟವು. ಆ ವಿಶ್ವವಿದ್ಯಾಲಯದ ಅರ್ಜಿ ನೆನಪಿದೆಯೇ ಎಂದು ಸುಮ್ಮನೆ ಕೇಳಿದೆ.

"ಅದ್ಯಾಕ್ರಿ ಈಗ?" ಎಂದು ನಕ್ಕಳು. "ನೀವು ಬರದ್ಕೊಟ್ರೂ ಎರಡ್ ಸಲ ಆಗಲಿಲ್ಲ ಅಂದ್ರ, ನಂದು ಅಷ್ಟಕ್ಕಷ್ಟ ಇತ್ರಿ ಸರ್. ಊರಾಗ ಜಾಣಿ, ಅಷ್ಟ."

ಆಗ ಹೇಳಿಬಿಟ್ಟೆ. ಐದು ಖಾನೆಗಳಿದ್ದದ್ದು, ನಾನು ಎರಡು ಮಧ್ಯಾಹ್ನ ಯೋಚಿಸಿದ್ದು, ಎಲ್ಲಿ ಗುರುತು ಹಾಕಿದ್ದು, ಏನು ಬರೆದದ್ದು, ಮರುವರ್ಷ ಅದನ್ನೇ ಕಳಿಸಿದ್ದು, ನಿನ್ನೆ ನೋಡಿದ್ದು. ಏನನ್ನೂ ಮುಚ್ಚಿಡಲಿಲ್ಲ. ತಪ್ಪಾಯಿತು ಎಂದೆ. ವಿದ್ಯಾರ್ಥಿಯ ಎದುರು ಆ ಮಾತು ಹೇಳಿದ್ದು ಜೀವನದಲ್ಲಿ ಅದೇ ಮೊದಲು. ಅವಳು ಅಳಬಹುದು, ಬೈಯಬಹುದು ಎಂದುಕೊಂಡಿದ್ದೆ, ಬೈದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಅವಳು ಕೈಗೆ ಹತ್ತಿದ್ದ ಸುಣ್ಣವನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಕುಳಿತಳು. ಮತ್ತೊಮ್ಮೆ ಅರ್ಜಿ ಹಾಕಲು ಬರುತ್ತದೆಯೇ ಎಂದು ಕೇಳಿದೆ. ವಯಸ್ಸಿನ ಮಿತಿ ದಾಟಿ ಮೂರು ವರ್ಷವಾಯಿತು ಎಂದಳು.

"ಒಂದ್ ಕೇಳ್ಲೇನ್ರಿ ಸರ್?" ಎಂದಳು.

"ಕೇಳು."

"ಅವರ ಖಾನೆ ಹೋಗ್ಲಿ ಬಿಡ್ರಿ. ನಿಮ್ಮ ಮನಸ್ಸಿನ್ಯಾಗ ನಾ ಎಷ್ಟನೇದಾಕಿ ಇದ್ದೆ?"

"ಮೊದಲನೆಯವಳು" ಎಂದೆ. "ನಿನಗಿಂತ ಮೊದಲೂ ಯಾರೂ ಇರಲಿಲ್ಲ, ಆಮೇಲೂ ಯಾರೂ ಬರಲಿಲ್ಲ."

ಅವಳು ಅಂಗಳದ ಕಡೆ ನೋಡಿದಳು. ಮಕ್ಕಳು ತರಗತಿಗೆ ಸಾಲು ನಿಲ್ಲುತ್ತಿದ್ದರು.

"ಆ ಎರಡ್ ಸಲದ ಮ್ಯಾಲ, ಮೂರನೇ ವರ್ಷ, ಅವ್ರ ನಿಯಮ ಬದಲಾಗಿತ್ರಿ ಸರ್. ಪತ್ರಾ ಗಿತ್ರಾ ಏನೂ ಬೇಕಾಗಿದ್ದಿಲ್ಲ, ಬರೇ ಮಾರ್ಕ್ಸ್ ಮ್ಯಾಲ ಸಂದರ್ಶನಕ್ಕ ಕರೀತಿದ್ರು. ನಾ ಅರ್ಜಿ ಪೂರಾ ತುಂಬಿ ಇಟ್ಟಿದ್ದೆ."

ನನಗೆ ಅದು ಗೊತ್ತಿರಲಿಲ್ಲ. "ಮತ್ತೆ ಯಾಕೆ ಕಳಿಸಲಿಲ್ಲ?" ಎಂದೆ.

"ಮೂರು ವರ್ಷ ನಿಮ್ಮ ಕೈಯಾಗ ಕಲ್ತೆ" ಎಂದಳು, ಸಿಟ್ಟಿಲ್ಲದ ದನಿಯಲ್ಲಿ. "ಒಂದ್ ದಿನಾನೂ ನೀವು ನನಗ ಚಲೋ ಅಂದಿದ್ದಿಲ್ಲ. ನನ್ನ ಮಟ್ಟ ಏನಂತ ಸರ್‌ಗ ಗೊತ್ತಿರ್ತದ, ಇನ್ನ ಸಾಕು ಅಂದ್ಕೊಂಡು ಹರದ್ ಒಗದೆ."